ಹೊಸ ತಳಿ, ಹಳೇ ಕಿಟ್: ಕೊಡಗಿನ ಮಳೆಗಾಲದಲ್ಲಿ ಮನೆ-ಕೋವಿಡ್ ಟೆಸ್ಟನ್ನು ಎಷ್ಟು ನಂಬಬಹುದು?

2022ರ ಡಿಸೆಂಬರ್‌ನಲ್ಲಿ ಒಂದು ವಾಟ್ಸಾಪ್ ಸಂದೇಶ ಊರೂರು ಸುತ್ತಿತು. ಎಕ್ಸ್‌ಬಿಬಿ ಅಂತ ಹೊಸ ತಳಿ ಬಂದಿದೆ, ಅದಕ್ಕೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ, ಮೂಗಿನ ಸ್ವಾಬ್‌ಗೆ ಅದು ಸಿಗುವುದೇ ಕಷ್ಟ ಎಂದು. ಕೇಂದ್ರ ಆರೋಗ್ಯ ಸಚಿವಾಲಯ ಅದೇ ತಿಂಗಳು ಇದು ಸುಳ್ಳು ಸಂದೇಶ ಎಂದು ಸಾರಿತು. ಸಂದೇಶ ಹೋಯಿತು, ಅನುಮಾನ ಉಳಿಯಿತು. 2023ರ ಕೊನೆಗೆ ಜೆಎನ್.1 ಬಂದಾಗಲೂ, 2025ರ ಮೇ–ಜೂನ್‌ನಲ್ಲಿ ಎನ್‌ಬಿ.1.8.1, ಎಕ್ಸ್‌ಎಫ್‌ಜಿ ಎಂಬ ಹೆಸರುಗಳು ಪತ್ರಿಕೆಯಲ್ಲಿ ಬಂದಾಗಲೂ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಅದೇ ಪ್ರಶ್ನೆ: "ಅಣ್ಣಾ, ಈ ಕಿಟ್‌ಗೆ ಹೊಸದು ಸಿಗುತ್ತಾ?"

ಉತ್ತರ ಮೊದಲೇ ಹೇಳಿಬಿಡೋಣ. ಸಿಗುತ್ತದೆ. ಆದರೆ ಗಂಟಲು ಕೆರೆತ ಶುರುವಾದ ದಿನವೇ ಸಿಗಬೇಕೆಂದಿಲ್ಲ. ಪೌಚ್ ಒಡೆದು ಒಂದು ರಾತ್ರಿ ಮಳೆಗಾಲದ ಗಾಳಿಗೆ ಬಿಟ್ಟ ಕಾರ್ಡಿನಲ್ಲಿ ಸಿಗಬೇಕೆಂದಿಲ್ಲ. 2022ರ ಜನವರಿಯಲ್ಲಿ ಹೆದರಿ ಕೊಂಡು ಬೀರುವಿನಲ್ಲಿ ಮರೆತ ಕಿಟ್‌ನಲ್ಲಂತೂ ಸಿಕ್ಕರೂ ಸಿಗದಿದ್ದರೂ ನಂಬುವ ಹಾಗಿಲ್ಲ. ತಪ್ಪು ದಿನ, ತಪ್ಪು ಜಾಗ, ತಪ್ಪು ಓದು, ಈ ಮೂರರಿಂದ ಹಾಳಾಗುವ ಫಲಿತಾಂಶಗಳ ಮುಂದೆ ತಳಿಯ ಪಾಲು ಸಣ್ಣದು. ಈ ವಿಮರ್ಶೆ ಒಂದು ಬ್ರ್ಯಾಂಡಿನದ್ದಲ್ಲ. ಮೂಗಿಗೆ ಸ್ವಾಬ್ ಹಾಕಿ 15 ನಿಮಿಷದಲ್ಲಿ ಗೆರೆ ನೋಡುವ ರ‍್ಯಾಪಿಡ್ ಆಂಟಿಜೆನ್ ಕಿಟ್ ಎಂಬ ಸರಕಿನದ್ದು. ಅದೂ ಭಾಗಮಂಡಲದಿಂದ ಕುಟ್ಟದವರೆಗಿನ ನಮ್ಮ ಹವೆಯಲ್ಲಿ, ನಮ್ಮ ಮನೆಗಳಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ.

ದುಡ್ಡಿಗೆ ಏನು ಸಿಗುತ್ತದೆ

ನಮ್ಮ ದೇಶದಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಲು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೂಚನೆ ಹೊರಡಿಸಿದ್ದು 2021ರ ಮೇ 19ರಂದು. ಪುಣೆಯ ಮೈಲ್ಯಾಬ್ ಕಂಪನಿಯ ಕೋವಿಸೆಲ್ಫ್ ಮೊದಲು ಬಂತು, 250 ರೂಪಾಯಿಗೆ. ಅದೇ ಜುಲೈನಲ್ಲಿ ಅಬಾಟ್ ಕಂಪನಿ ಪ್ಯಾನ್‌ಬಯೋದ ಮನೆ ಕಿಟ್ ತಂದಿತು, ಒಂದಕ್ಕೆ 325. ಆಮೇಲೆ ಇನ್ನೂ ಹಲವು ಬಂದವು. ಒಳಗಿನ ಸಾಮಾನು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ: ಪೊಟ್ಟಣದಲ್ಲಿ ಒಂದು ಸ್ವಾಬ್, ಬಫರ್ ದ್ರವ ತುಂಬಿದ ಪುಟ್ಟ ಟ್ಯೂಬ್, ಅದಕ್ಕೆ ಹನಿ ಬೀಳುವ ಮೂತಿಯ ಮುಚ್ಚಳ, ಅಲ್ಯೂಮಿನಿಯಂ ಪೌಚಿನಲ್ಲಿ ಟೆಸ್ಟ್ ಕಾರ್ಡ್, ಜೊತೆಗೆ ತೇವ ಹೀರುವ ಸಿಲಿಕಾದ ಸಣ್ಣ ಚೀಟಿ, ಕಸಕ್ಕೊಂದು ಚೀಲ, ಸೂಚನೆಯ ಹಾಳೆ.

ಇಲ್ಲೇ ಒಂದು ಎಚ್ಚರಿಕೆ. ಆಸ್ಪತ್ರೆ, ಕ್ಯಾಂಪುಗಳಿಗೆಂದು 25ರ ಪೆಟ್ಟಿಗೆಯಲ್ಲಿ ಬರುವ ಕಿಟ್ ಬೇರೆ. ಅದರ ಸ್ವಾಬ್ ತೆಳ್ಳಗೆ, ಉದ್ದ. ಮೂಗಿನ ಹಿಂಭಾಗದ ತನಕ ಹೋಗಬೇಕಾದ್ದು, ಕಲಿತವರು ಮಾತ್ರ ಹಾಕಬೇಕಾದ್ದು. ಬಿಡಿಯಾಗಿ ಅಗ್ಗಕ್ಕೆ ಸಿಗುತ್ತದೆಂದು ತೋಟದ ಮನೆಗೆ ಅದನ್ನು ತಂದಿಟ್ಟುಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ ಸ್ವಯಂ ಪರೀಕ್ಷೆಗೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳಿ.

ತಳಿ ಬದಲಾದರೂ ಗೆರೆ ಯಾಕೆ ಬರುತ್ತದೆ

ಹೊಸ ತಳಿ ಎಂದರೆ ವೈರಸ್ ತನ್ನನ್ನು ನಕಲು ಮಾಡಿಕೊಳ್ಳುವಾಗ ಆಗುವ ಅಕ್ಷರದೋಷಗಳು ಸೇರುತ್ತ ಹೋಗಿ, ಅವುಗಳಲ್ಲಿ ಹರಡಲು ಅನುಕೂಲವಾದ ಒಂದು ಗುಂಪು ಮೇಲುಗೈ ಪಡೆಯುವುದು. ಈ ವೈರಸ್ಸಿನ ಆರ್‌ಎನ್‌ಎ ಸುಮಾರು 30,000 ಅಕ್ಷರಗಳಷ್ಟು ಉದ್ದ. ರೋಗನಿರೋಧಕ ಶಕ್ತಿ ಕುಂದಿದವರ ದೇಹದಲ್ಲಿ ಸೋಂಕು ತಿಂಗಳುಗಟ್ಟಲೆ ಉಳಿದರೆ ಬದಲಾವಣೆಗಳು ರಾಶಿ ಬೀಳುತ್ತವೆ. ಒಬ್ಬರಲ್ಲೇ ಎರಡು ತಳಿ ಹೊಕ್ಕರೆ ಅರ್ಧ ಇದರದ್ದು, ಅರ್ಧ ಅದರದ್ದು ಸೇರಿ ಮಿಶ್ರತಳಿ ಹುಟ್ಟುವುದೂ ಉಂಟು. ಎಕ್ಸ್‌ಬಿಬಿ, ಎಕ್ಸ್‌ಎಫ್‌ಜಿ ಎಂದು ಎಕ್ಸ್‌ನಿಂದ ಶುರುವಾಗುವ ಹೆಸರುಗಳೆಲ್ಲ ಅಂಥವೇ.

ಆದರೆ ಈ ಬದಲಾವಣೆಗಳು ವೈರಸ್ಸಿನ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಹೊರಗೆ ಚಾಚಿಕೊಂಡ ಸ್ಪೈಕ್ ಪ್ರೋಟೀನಿನ ಮೇಲೆಯೇ ಸೋಂಕಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳ ದಾಳಿ ಜಾಸ್ತಿ, ಹಾಗಾಗಿ ತಪ್ಪಿಸಿಕೊಳ್ಳುವ ಬದಲಾವಣೆಗಳೂ ಅಲ್ಲೇ ಜಾಸ್ತಿ. 2021ರ ನವೆಂಬರ್‌ನಲ್ಲಿ ಕಾಣಿಸಿಕೊಂಡ ಒಮಿಕ್ರಾನ್‌ನ ಸ್ಪೈಕ್ ಒಂದರಲ್ಲೇ 30ಕ್ಕೂ ಹೆಚ್ಚು ಬದಲಾವಣೆ ಇದ್ದವು. 2023ರ ಆಗಸ್ಟ್‌ನಲ್ಲಿ ಗುರುತಿಸಿದ ಬಿಎ.2.86, ಅದರ ಹಿಂದಿನ ಬಿಎ.2ಕ್ಕಿಂತ ಮತ್ತೆ 30ಕ್ಕೂ ಹೆಚ್ಚು ಕಡೆ ಬೇರೆಯಾಗಿತ್ತು. ಅದಕ್ಕೆ ಸ್ಪೈಕ್‌ನಲ್ಲಿ ಇನ್ನೊಂದೇ ಒಂದು ಮುಖ್ಯ ಬದಲಾವಣೆ ಸೇರಿ ಜೆಎನ್.1 ಆಯಿತು.

ಮನೆ ಕಿಟ್ ಹುಡುಕುವುದು ಸ್ಪೈಕನ್ನಲ್ಲ. ಒಳಗೆ ಆರ್‌ಎನ್‌ಎಗೆ ಸುತ್ತಿಕೊಂಡಿರುವ ನ್ಯೂಕ್ಲಿಯೊಕ್ಯಾಪ್ಸಿಡ್ ಎಂಬ ಪ್ರೋಟೀನನ್ನು. ಲ್ಯಾಬ್‌ನವರು ಚಿಕ್ಕದಾಗಿ ಎನ್ ಪ್ರೋಟೀನ್ ಎನ್ನುತ್ತಾರೆ. ಬಫರ್ ದ್ರವ ವೈರಸ್ಸನ್ನು ಒಡೆದು ಎನ್ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಕಾರ್ಡಿನ ಪಟ್ಟಿಯಲ್ಲಿ ಮೊದಲೇ ಒಣಗಿಸಿಟ್ಟ, ಬಣ್ಣದ ಕಣ ಅಂಟಿಸಿದ ಪ್ರತಿಕಾಯಗಳು ಅದನ್ನು ಹಿಡಿದುಕೊಂಡು ಮುಂದೆ ಹರಿಯುತ್ತವೆ. ಟಿ (ಟೆಸ್ಟ್) ಗೆರೆಯ ಹತ್ತಿರ ಕಾದಿರುವ ಇನ್ನೊಂದು ಪ್ರತಿಕಾಯ ಈ ಜೋಡಿಯನ್ನು ತಡೆದು ನಿಲ್ಲಿಸಿದಾಗ ಗುಲಾಬಿಯೋ ನೇರಳೆಯೋ ಗೆರೆ ಮೂಡುತ್ತದೆ. ಎನ್ ಪ್ರೋಟೀನಿನಲ್ಲೂ ಬದಲಾವಣೆ ಆಗಿಲ್ಲವೆಂದಲ್ಲ, ಒಮಿಕ್ರಾನ್ ಕುಟುಂಬದಲ್ಲಿ ಆ ಪ್ರೋಟೀನ್ ಸರಪಳಿಯ ಮೂರು ಕೊಂಡಿಗಳೇ ಕಳಚಿಹೋಗಿವೆ. ಆದರೆ ಬಹುತೇಕ ಕಿಟ್‌ಗಳ ಪ್ರತಿಕಾಯಗಳು ಹಿಡಿಯುವ ಭಾಗ ಅದಲ್ಲ.

ತಳಿ ಬದಲಾವಣೆಯ ಏಟು ನಿಜವಾಗಿ ಬಿದ್ದದ್ದು ಬೇರೆ ಕಡೆ. ಸ್ಪೈಕ್ ಜೀನನ್ನೂ ಹುಡುಕುತ್ತಿದ್ದ ಕೆಲವು ಪಿಸಿಆರ್ ಪರೀಕ್ಷೆಗಳಲ್ಲಿ, ಒಮಿಕ್ರಾನ್ ಇದ್ದಾಗ ಆ ಒಂದು ಜೀನ್ ಮಾತ್ರ ಸಿಗದೆ ಹೋಗುತ್ತಿತ್ತು. ಉಳಿದ ಜೀನ್‌ಗಳು ಸಿಗುತ್ತಿದ್ದರಿಂದ ಫಲಿತಾಂಶಕ್ಕೆ ಧಕ್ಕೆಯಾಗಲಿಲ್ಲ. ಬದಲಿಗೆ ಆ ಕೊರತೆಯೇ ಇದು ಒಮಿಕ್ರಾನ್ ಇರಬಹುದೆಂಬ ಸುಳಿವಾಯಿತು. 2021ರ ಡಿಸೆಂಬರ್ ಕೊನೆಗೆ ಐಸಿಎಂಆರ್ ಒಪ್ಪಿದ ಟಾಟಾ ಎಂಡಿಯ ಒಮಿಶ್ಯೂರ್ ಈ ಸುಳಿವನ್ನೇ ಬಳಸಿಕೊಂಡ ಪಿಸಿಆರ್ ಕಿಟ್. ಅದು ಲ್ಯಾಬಿನ ಸಾಮಾನು, ಅಂಗಡಿಯದ್ದಲ್ಲ. ಇನ್ನೊಂದು ಏಟು ಬಿದ್ದದ್ದು ಔಷಧಕ್ಕೆ. ಒಮಿಕ್ರಾನ್‌ಗಿಂತ ಮುಂಚಿನ ಡೆಲ್ಟಾ ತಳಿಯ ಕಾಲದಲ್ಲಿ ದುಬಾರಿ ಬೆಲೆಗೆ ಕೊಡುತ್ತಿದ್ದ ಮಾನೋಕ್ಲೋನಲ್ ಪ್ರತಿಕಾಯದ ಇಂಜೆಕ್ಷನ್‌ಗಳು ಒಮಿಕ್ರಾನ್ ಮುಂದೆ ಸೋತವು. ಅವು ಹಿಡಿಯುತ್ತಿದ್ದದ್ದು ಸ್ಪೈಕನ್ನು.

ಇಷ್ಟಾದರೂ "ಯಾವ ತಳಿ ಬಂದರೂ ಸರಿ" ಎಂದು ಯಾರಾದರೂ ಖಾತರಿ ಕೊಟ್ಟರೆ ನಂಬಬೇಡಿ. ಎನ್ ಪ್ರೋಟೀನಿನಲ್ಲಿ ಕಿಟ್‌ನ ಪ್ರತಿಕಾಯ ಹಿಡಿಯುವ ಜಾಗದಲ್ಲೇ ಒಂದು ಬದಲಾವಣೆ ಬಿದ್ದರೆ ನಿರ್ದಿಷ್ಟ ಕಿಟ್ ಕುರುಡಾಗಬಹುದು. ಅಂಥ ಬಿಡಿ ಉದಾಹರಣೆಗಳು ಹಿಂದೆ ಕಂಡಿವೆ.

ತಳಿಗಿಂತ ದಿನ ಮುಖ್ಯ

ಕಿಟ್ ಬದಲಾಗಲಿಲ್ಲ, ಕಾಯಿಲೆಯ ವೇಳಾಪಟ್ಟಿ ಬದಲಾಯಿತು. ಮೊದಲ ತಳಿಗೆ ಸೋಂಕು ತಗುಲಿ ಲಕ್ಷಣ ಕಾಣಲು ಸರಾಸರಿ ಐದು ದಿನ ಬೇಕಿತ್ತು. ಒಮಿಕ್ರಾನ್ ಬಂದ ಮೇಲೆ ಅದು ಮೂರರ ಆಸುಪಾಸಿಗೆ ಇಳಿಯಿತು. ಜೊತೆಗೆ ಈಗ ಬಹುತೇಕ ಎಲ್ಲರೂ ಲಸಿಕೆಯನ್ನೋ ಸೋಂಕನ್ನೋ, ಎರಡನ್ನೂ ಕಂಡವರು. ಹಾಗಾಗಿ ದೇಹ ಬೇಗ ಎಚ್ಚರಗೊಳ್ಳುತ್ತದೆ. ಮೂಗಿನಲ್ಲಿ ವೈರಸ್ ತುಂಬುವ ಮೊದಲೇ ಗಂಟಲು ಕೆರೆತ, ಮೈಕೈ ನೋವು, ನೀರು ಸುರಿಯುವ ಮೂಗು ಶುರು. ವೈರಸ್ ಗರಿಷ್ಠಕ್ಕೆ ಏರುವುದು ಲಕ್ಷಣ ಬಂದ ಮೂರು–ನಾಲ್ಕನೇ ದಿನದ ಹೊತ್ತಿಗೆ.

ಆಂಟಿಜೆನ್ ಕಿಟ್‌ಗೆ ವೈರಸ್ ರಾಶಿ ಬೇಕು. ಪಿಸಿಆರ್ ಹಾಗಲ್ಲ, ಅದು ಚಿಟಿಕೆಯಷ್ಟನ್ನೂ ಪದೇಪದೇ ದುಪ್ಪಟ್ಟು ಮಾಡಿ ನೋಡುತ್ತದೆ. ಎಷ್ಟು ಸುತ್ತಿಗೆ ಸಿಕ್ಕಿತು ಎಂಬುದೇ ಸಿಟಿ ಮೌಲ್ಯ, ಅದು ಕಡಿಮೆಯಿದ್ದಷ್ಟೂ ವೈರಸ್ ಜಾಸ್ತಿ. ಸಿಟಿ 25ರ ಕೆಳಗಿರುವವರಲ್ಲಿ ಒಳ್ಳೆಯ ಆಂಟಿಜೆನ್ ಕಿಟ್ ಹೆಚ್ಚಿನವರನ್ನು ಹಿಡಿಯುತ್ತದೆ, 30 ದಾಟಿದರೆ ಹೆಚ್ಚಿನವರನ್ನು ಬಿಡುತ್ತದೆ. ಮೊದಲ ದಿನ ನೆಗೆಟಿವ್ ಬಂದು ಮೂರನೇ ದಿನ ಪಾಸಿಟಿವ್ ಬಂದರೆ "ಕಿಟ್ ಹಾಳು" ಎನ್ನುವುದು ರೂಢಿ. ಕಿಟ್ ಎರಡೂ ದಿನ ಸರಿಯಾಗಿಯೇ ಹೇಳಿರುತ್ತದೆ.

ಆದ್ದರಿಂದ ಒಂದು ಕಿಟ್ ಕೊಳ್ಳುವುದಕ್ಕೆ ಅರ್ಥವಿಲ್ಲ, ಕೊಂಡರೆ ಎರಡು ಕೊಳ್ಳಿ. ಲಕ್ಷಣ ಇದ್ದವರು ಒಮ್ಮೆ ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು. ಲಕ್ಷಣವಿಲ್ಲದೆ, ಸೋಂಕಿತರ ಜೊತೆ ಇದ್ದ ಕಾರಣಕ್ಕೆ ನೋಡುವವರು 48 ಗಂಟೆಗಳ ಅಂತರದಲ್ಲಿ ಮೂರು ಸಲ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2022ರ ಆಗಸ್ಟ್‌ನಲ್ಲಿ ಹೇಳಿದ ಲೆಕ್ಕ ಇದು. ಐಸಿಎಂಆರ್ ಇನ್ನೂ ಬಿಗಿ: ಲಕ್ಷಣ ಇದ್ದು ಕಿಟ್ ನೆಗೆಟಿವ್ ಅಂದರೆ ಆರ್‌ಟಿ-ಪಿಸಿಆರ್ ಮಾಡಿಸಿ ಎಂದು 2021ರಲ್ಲೇ ಬರೆದಿತ್ತು. ಮಡಿಕೇರಿಗೆ ಹೋಗಿಬರಲು ಅರ್ಧ ದಿನ ಬೇಕಾಗುವ ಊರುಗಳಲ್ಲಿ ಮೊದಲನೆಯ ದಾರಿಯೇ ನಡೆಯುವಂಥದ್ದು. ಮನೆಯಲ್ಲಿ 80 ದಾಟಿದವರೋ ಡಯಾಲಿಸಿಸ್‌ನವರೋ ಇದ್ದರೆ ಎರಡನೆಯದೇ ಸರಿ.

ಮಳೆ, ಚಳಿ, ಕರೆಂಟು

ಕೊಡಗಿಗೆ ವಿಶೇಷವಾದ ತೊಂದರೆಗಳು ಇಲ್ಲಿವೆ. ಸೂಚನೆಯ ಹಾಳೆ ಬರೆದವರು ನಾಪೋಕ್ಲಿನ ಜುಲೈ ಕಂಡವರಲ್ಲ.

ಮೊದಲನೆಯದು ತೇವ. ಕಾರ್ಡಿನೊಳಗಿನ ಪಟ್ಟಿ ನೈಟ್ರೊಸೆಲ್ಯುಲೋಸ್. ಮಳೆಗಾಲದಲ್ಲಿ ಗೋದಾಮಿನ ಪಾರ್ಚ್‌ಮೆಂಟ್ ಕಾಫಿ ತೇವ ಎಳೆದುಕೊಳ್ಳುವ ಹಾಗೆ ಅದೂ ಎಳೆದುಕೊಳ್ಳುತ್ತದೆ. ತೇವ ಹೊಕ್ಕ ಪಟ್ಟಿಯಲ್ಲಿ ದ್ರವ ಒಂದೇ ವೇಗದಲ್ಲಿ ಹರಿಯದು. ಗೆರೆ ಮಸುಕಾಗುತ್ತದೆ, ಒಂದು ಬದಿ ದಪ್ಪ ಒಂದು ಬದಿ ತೆಳು ಆಗುತ್ತದೆ, ಹಿನ್ನೆಲೆಯೆಲ್ಲ ಗುಲಾಬಿಯಾಗಿ ಉಳಿಯುತ್ತದೆ. ಪೌಚನ್ನು ಮುಂಚಿತವಾಗಿ ಒಡೆದಿಟ್ಟುಕೊಳ್ಳುವುದು ಅತಿ ಸಾಮಾನ್ಯವಾದ ತಪ್ಪು. ಸ್ವಾಬ್ ಟ್ಯೂಬಿನಲ್ಲಿ ತಿರುಗಿಸಿಯಾದ ಮೇಲೆ ಪೌಚ್ ಒಡೆದರೂ ತಡವಲ್ಲ. ಒಳಗೆ ಸಿಲಿಕಾ ಚೀಟಿಯೇ ಇಲ್ಲದಿದ್ದರೆ, ಅಥವಾ ಪೌಚಿನ ಅಂಚಿನ ಅಂಟು ಬಿಟ್ಟಿದ್ದರೆ ಆ ಕಾರ್ಡ್ ಅಂಗಡಿಗೆ ವಾಪಸ್. ಬಣ್ಣ ಬದಲಿಸುವ ಸಿಲಿಕಾ ಇದ್ದು ಬಣ್ಣ ತಿರುಗಿದ್ದರೂ ಅಷ್ಟೇ.

ಎರಡನೆಯದು ಉಷ್ಣತೆ. ಹೆಚ್ಚಿನ ಕಿಟ್‌ಗಳನ್ನು 2ರಿಂದ 30 ಡಿಗ್ರಿ ಒಳಗೆ ಇಡಬೇಕು, 15ರಿಂದ 30ರ ಒಳಗೆ ಬಳಸಬೇಕು. ಮಡಿಕೇರಿಯ ಮಳೆಗಾಲದ ಹಗಲು 20ರ ಆಸುಪಾಸು, ಅಡ್ಡಿಯಿಲ್ಲ. ಡಿಸೆಂಬರ್–ಜನವರಿಯ ನಸುಕಿನಲ್ಲಿ ಕೊಯ್ಲಿಗೆ ಹೊರಡುವ ಮುಂಚೆ ತೋಟದ ಕಾರ್ಮಿಕರ ಸಾಲುಮನೆಯ, ಅಂದರೆ ಲೈನ್ ಮನೆಯ, ಜಗಲಿಯಲ್ಲಿ ಮಾಡಿದರೆ ಅಡ್ಡಿ. ದ್ರವ ನಿಧಾನ ಹರಿಯುತ್ತದೆ, ತೀರಾ ತಣ್ಣಗಿದ್ದಾಗ ಕೆಲವು ಕಿಟ್‌ಗಳು ಇಲ್ಲದ ಗೆರೆಯನ್ನೂ ತೋರಿಸುತ್ತವೆ. ಪೆಟ್ಟಿಗೆಯನ್ನು ಮುಚ್ಚಿದ ಹಾಗೆಯೇ ಅರ್ಧ ಗಂಟೆ ಒಳಮನೆಯಲ್ಲಿಟ್ಟು ಬೆಚ್ಚಗಾದ ಮೇಲೆ ಬಳಸಿ. ಬೆಚ್ಚಗೆ ಎಂದರೆ ಒಲೆಯ ಮೇಲಿನ ಅಟ್ಟ ಅಲ್ಲ. ಶಾಖ ತಿಂದ ಪ್ರತಿಕಾಯ ಕೆಡುತ್ತದೆ, ಕೆಟ್ಟದ್ದು ಹೊರಗೆ ಕಾಣುವುದಿಲ್ಲ, ದ್ರವ ಹರಿದಿದೆ ಎಂದು ತೋರಿಸುವ ಸಿ (ಕಂಟ್ರೋಲ್) ಗೆರೆ ಚೆನ್ನಾಗಿಯೇ ಮೂಡಬಹುದು, ಟಿ ಗೆರೆ ಮಾತ್ರ ಕೈಕೊಡುತ್ತದೆ. ಏಪ್ರಿಲ್‌ನಲ್ಲಿ ಕುಶಾಲನಗರದ ಬಿಸಿಲಿಗೆ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್ ಕೂಡ ಅದೇ ಲೆಕ್ಕ. ಫ್ರಿಜ್ಜಿನ ಬಾಗಿಲಿನ ಅರೆಯಲ್ಲಿ ಇಡಬಹುದು, ಫ್ರೀಜರ್‌ನಲ್ಲಿ ಇಡಲೇಬಾರದು. ವಾರಗಟ್ಟಲೆ ಕರೆಂಟು ಕೈಕೊಡುವ ಕಡೆ ಫ್ರಿಜ್ಜಿಗಿಂತ ಮಲಗುವ ಕೋಣೆಯ ಬೀರು ಒಳ್ಳೆಯದು, ಅಲ್ಲಿ ತಂಪೂ ಇದೆ, ಏರಿಳಿತವೂ ಕಡಿಮೆ.

ಮೂರನೆಯದು ಬೆಳಕು. ಮಸುಕು ಗೆರೆಯನ್ನು ಹಳದಿ ಬಲ್ಬಿನಲ್ಲೋ ಮೇಣದಬತ್ತಿಯಲ್ಲೋ ನೋಡಿ ತೀರ್ಮಾನಿಸಬೇಡಿ. ಮೊಬೈಲಿನ ಬಿಳಿ ಟಾರ್ಚನ್ನು ಓರೆಯಾಗಿ ಹಿಡಿದು, ಸರಿಯಾಗಿ 15ನೇ ನಿಮಿಷಕ್ಕೆ ಒಂದು ಫೋಟೊ ತೆಗೆದಿಡಿ. ವೈದ್ಯರಿಗೆ ತೋರಿಸಲು ಅದೇ ದಾಖಲೆ. ಫಲಿತಾಂಶ ಏರಿಸಲೆಂದು ಕೊಡುವ ಆ್ಯಪ್‌ಗೆ ನೆಟ್‌ವರ್ಕ್ ಬೇಕು, ಅದು ತೋಟದೊಳಗೆ ಸಿಗುವುದು ಗುಡ್ಡ ಹತ್ತಿದರೆ. ಆ್ಯಪ್ ಇಲ್ಲದಿದ್ದರೂ ಕಾರ್ಡ್ ಕೆಲಸ ಮಾಡುತ್ತದೆ.

ಮಾಡುವ ಕ್ರಮ, ಕೆಡುವ ಜಾಗ

ಮೂಗು ಸೀಟಿ ಕೈ ತೊಳೆಯಿರಿ. ಸೀಟದೆ ಸ್ವಾಬ್ ಹಾಕಿದರೆ ಬರುವುದು ದಪ್ಪ ಸಿಂಬಳ. ಅದು ಟ್ಯೂಬಿನಲ್ಲಿ ಕರಗದೆ ಪಟ್ಟಿಯ ಬಾಯಿ ಕಟ್ಟುತ್ತದೆ, ದ್ರವ ಅರ್ಧದಲ್ಲೇ ನಿಲ್ಲುತ್ತದೆ. ನಮಗೆ ಬೇಕಾದ್ದು ಸಿಂಬಳವಲ್ಲ, ಮೂಗಿನ ಒಳಗೋಡೆಯ ಜೀವಕೋಶ. ಮೆತ್ತನೆಯ ತುದಿ ಮುಟ್ಟದೆ ಸ್ವಾಬ್ ತೆಗೆದು, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ದೊಡ್ಡವರಿಗೆ 2ರಿಂದ 4 ಸೆಂಟಿಮೀಟರ್ ಒಳಗೆ, ತಡೆ ಸಿಗುವವರೆಗೆ. ಗೋಡೆಗೆ ಒತ್ತಿ ಹಿಡಿದು ನಿಧಾನಕ್ಕೆ ಐದು ಸುತ್ತು. ಅದೇ ಸ್ವಾಬ್‌ನಿಂದ ಇನ್ನೊಂದು ಹೊಳ್ಳೆಗೂ ಐದು. ಕಣ್ಣಲ್ಲಿ ನೀರು ಬಂದರೆ ಸರಿಯಾಗಿ ತಾಗಿದೆ ಎಂದರ್ಥ. ಗಾಳಿಯಲ್ಲಿ ತಿರುಗಿಸಿ ತೆಗೆದರೆ ಕಿಟ್‌ಗೆ ಕೊಟ್ಟ ದುಡ್ಡು ಗಾಳಿಗೆ. ಮಕ್ಕಳಿಗೆ ಎಷ್ಟು ಆಳ, ಯಾವ ವಯಸ್ಸಿನಿಂದ ಎಂಬುದು ಕಿಟ್‌ನಿಂದ ಕಿಟ್‌ಗೆ ಬೇರೆ, ಹಾಳೆ ನೋಡಿ.

ಟ್ಯೂಬಿನ ಬಫರನ್ನು ಮೊದಲು ತಟ್ಟಿ ತಳಕ್ಕೆ ಇಳಿಸಿ. ಸ್ವಾಬ್ ಮುಳುಗಿಸಿ ಹತ್ತು ಸಲ ತಿರುಗಿಸಿ, ಟ್ಯೂಬಿನ ಹೊಟ್ಟೆಯನ್ನು ಹೊರಗಿನಿಂದ ಹಿಸುಕಿ ತುದಿಯಲ್ಲಿರುವುದನ್ನು ಹಿಂಡಿ. ಈ ಹಿಂಡುವ ಕೆಲಸವನ್ನು ಬಿಡುವವರೇ ಜಾಸ್ತಿ, ಹಿಂಡದಿದ್ದರೆ ಸ್ಯಾಂಪಲ್ಲಿನ ದೊಡ್ಡ ಪಾಲು ತುದಿಯಲ್ಲೇ ಉಳಿಯುತ್ತದೆ. ಮುಚ್ಚಳ ಹಾಕಿ, ಕಾರ್ಡನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಟ್ಯೂಬನ್ನು ನೆಟ್ಟಗೆ ತಲೆಕೆಳಗು ಹಿಡಿದು ಹನಿ ಹಾಕಿ. ಓರೆ ಹಿಡಿದರೆ ಹನಿ ಚಿಕ್ಕದಾಗುತ್ತದೆ, ಗುಳ್ಳೆ ಬಂದರೆ ಅದು ಹನಿಯ ಲೆಕ್ಕಕ್ಕಿಲ್ಲ. ಎಷ್ಟು ಹನಿ? ಕೋವಿಸೆಲ್ಫ್‌ಗೆ ಎರಡು, ಬೇರೆ ಕೆಲವಕ್ಕೆ ಮೂರು, ನಾಲ್ಕು, ಐದೂ ಉಂಟು. ಹೋದ ಸಲದ ನೆನಪಿನಲ್ಲಿ ಹಾಕಬೇಡಿ. ಕಡಿಮೆಯಾದರೆ ಪಟ್ಟಿ ಪೂರ್ತಿ ನೆನೆಯದು, ಜಾಸ್ತಿಯಾದರೆ ಬಣ್ಣ ತೊಳೆದುಹೋಗಿ ಗೀರು ಗೀರಾಗುತ್ತದೆ. ಒಂದು ಕಂಪನಿಯ ಬಫರನ್ನು ಇನ್ನೊಂದರ ಕಾರ್ಡಿಗೆ ಸುರಿಯುವುದಂತೂ ಬೇಡವೇ ಬೇಡ.

ಗಂಟಲಿನಿಂದ ತೆಗೆದರೆ ಹೊಸ ತಳಿ ಚೆನ್ನಾಗಿ ಸಿಗುತ್ತದೆ ಎಂಬ ಸಲಹೆ ಒಮಿಕ್ರಾನ್ ಕಾಲದಿಂದ ಓಡಾಡುತ್ತಿದೆ. ಮೂಗಿಗೆಂದು ಮಾಡಿದ ಕಿಟ್‌ಗೆ ಗಂಟಲು ಹೊಂದುವುದಿಲ್ಲ. ಬಾಯಿಯಲ್ಲಿ ಊಟದ ಚೂರು, ಎಂಜಲು, ಹುಳಿ ಎಲ್ಲ ಇರುತ್ತದೆ. ಆಮ್ಲ ಈ ಪಟ್ಟಿಯ ಶತ್ರು. ಬಫರ್ ಇಲ್ಲದೆ ನೇರ ಹುಳಿ ರಸ ಬಿಟ್ಟರೆ ವೈರಸ್ಸೇ ಇಲ್ಲದೆ ಟಿ ಗೆರೆ ಬರುತ್ತದೆ. ಕಾಚಂಪುಳಿಯ ಹುಳಿ ಹಾಕಿದ ಪಂದಿಕರಿ ಉಂಡು ಗಂಟಲಿಗೆ ಸ್ವಾಬ್ ಹಾಕುವ ಪ್ರಯೋಗ ಯಾರೂ ಮಾಡಬೇಕಿಲ್ಲ.

ಓದುವುದು

ಸಿ ಗೆರೆ ಬರದಿದ್ದರೆ ಟಿ ಬಂದರೂ ಲೆಕ್ಕಕ್ಕಿಲ್ಲ, ಹೊಸ ಕಿಟ್. ಸಿ ಬಂದಿದೆ ಎಂದರೆ ದ್ರವ ಕೊನೆಯವರೆಗೆ ಹರಿದಿದೆ ಎಂದಷ್ಟೇ ಅರ್ಥ. ಮೂಗಿನಿಂದ ಸರಿಯಾಗಿ ತೆಗೆದಿದ್ದೀರಿ ಎಂದು ಅದು ಹೇಳುವುದಿಲ್ಲ. ಸ್ವಾಬ್ ಹಾಕದೆ ಬರೀ ಬಫರ್ ಬಿಟ್ಟರೂ ಸಿ ಗೆರೆ ಠಾಕುಠೀಕಾಗಿ ಬರುತ್ತದೆ. ಈ ಸರಕಿನ ದೊಡ್ಡ ಕೊರತೆ ನಮ್ಮ ಪ್ರಕಾರ ಇದೇ, ತಳಿಯಲ್ಲ.

ಟಿ ಗೆರೆಗೆ ಬಣ್ಣ ಇದ್ದರೆ, ಎಷ್ಟೇ ಮಸುಕಾಗಿದ್ದರೂ, ಸಮಯದೊಳಗೆ ಬಂದಿದ್ದರೆ ಪಾಸಿಟಿವ್. ಬಣ್ಣವಿಲ್ಲದ ಬೂದು ನೆರಳೋ ಹೊತ್ತು ಮೀರಿದ ಮೇಲೆ ಬಂದದ್ದೋ ಆದರೆ ಅದು ಪಟ್ಟಿ ಒಣಗುವಾಗಿನ ಕಲೆ, ಪಾಸಿಟಿವ್ ಅಲ್ಲ. ಹೆಚ್ಚು ವೈರಸ್ ಇದ್ದರೆ ಐದಾರು ನಿಮಿಷಕ್ಕೇ ಗೆರೆ ಬರುತ್ತದೆ, ಆದರೆ ನೆಗೆಟಿವ್ ಎನ್ನಲು ಪೂರ್ತಿ 15 ನಿಮಿಷ ಕಾಯಲೇಬೇಕು. ಕೋವಿಸೆಲ್ಫ್‌ನಂಥವುಗಳಲ್ಲಿ 20 ನಿಮಿಷದ ನಂತರ ಕಂಡದ್ದನ್ನು ಪರಿಗಣಿಸುವ ಹಾಗಿಲ್ಲ. ರಾತ್ರಿ ಮಾಡಿ ಬೆಳಿಗ್ಗೆ ಕಸದ ಬುಟ್ಟಿಯಿಂದ ತೆಗೆದು ನೋಡಿ ಗಾಬರಿಯಾಗುವವರಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಬೇಕು.

ಯಾವ ತಳಿ ಎಂದು ಕಿಟ್ ಹೇಳುವುದಿಲ್ಲ, ಹೇಳಲಾರದು. ಅದಕ್ಕೆ ವೈರಸ್ಸಿನ ಆರ್‌ಎನ್‌ಎ ಅಕ್ಷರಗಳನ್ನೆಲ್ಲ ಓದುವ ಜೀನೋಮ್ ಸೀಕ್ವೆನ್ಸಿಂಗ್ ಬೇಕು: ಪಿಸಿಆರ್‌ನಲ್ಲಿ ಪಾಸಿಟಿವ್ ಆಗಿ, ಸಿಟಿ ಮೌಲ್ಯ ಕಡಿಮೆಯಿರುವ ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಬೇಕು. 2020ರ ಡಿಸೆಂಬರ್‌ನಲ್ಲಿ ಶುರುವಾದ, ಸೀಕ್ವೆನ್ಸಿಂಗ್ ಲ್ಯಾಬುಗಳ ಇನ್ಸಾಕಾಗ್ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಮೊದಲಿನಿಂದಲೂ ಇವೆ. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಕರ್ನಾಟಕದಲ್ಲೇ ಎಂದು 2021ರ ಡಿಸೆಂಬರ್ 2ರಂದು ಗೊತ್ತಾದದ್ದು ಸೀಕ್ವೆನ್ಸಿಂಗ್‌ನಿಂದ. ಇದು ಸಮುದಾಯದ ಮೇಲೆ ಕಣ್ಣಿಡುವ ಕೆಲಸ. ನಿಮ್ಮ ತಳಿ ಯಾವುದೆಂದು ಗೊತ್ತಾಗುವ ಹೊತ್ತಿಗೆ ನೀವು ಗುಣವಾಗಿರುತ್ತೀರಿ. ಗೊತ್ತಾದರೂ ಕೊಡುವ ಔಷಧ ಬದಲಾಗುವುದಿಲ್ಲ.

ಹೋಂಸ್ಟೇಗೆ ಬೇಡ, ಲೈನ್ ಮನೆಗೆ ಬೇಕು

ವಿಶ್ವ ಆರೋಗ್ಯ ಸಂಸ್ಥೆ ಇಂಥ ಕಿಟ್‌ಗೆ ಇಟ್ಟ ಕನಿಷ್ಠ ಮಟ್ಟ: ಸೋಂಕಿತರಲ್ಲಿ 80 ಶೇಕಡಾ ಮಂದಿಯನ್ನು ಹಿಡಿಯಬೇಕು, ಸೋಂಕಿಲ್ಲದವರಲ್ಲಿ 97 ಶೇಕಡಾ ಮಂದಿಗೆ ನೆಗೆಟಿವ್ ಎನ್ನಬೇಕು. ಈ ಎರಡು ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿ. ಹೋಂಸ್ಟೇಗೆ ಬರುವ 200 ಆರೋಗ್ಯವಂತರನ್ನು ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷಿಸಿದಿರಿ, ಅವರಲ್ಲಿ ಸೋಂಕಿತರು ಒಬ್ಬರು ಎಂದಿಟ್ಟುಕೊಳ್ಳಿ. ಆ ಒಬ್ಬರು ಸಿಕ್ಕರೂ ಸಿಗಬಹುದು, ಜೊತೆಗೆ ಏನೂ ಇಲ್ಲದ ಆರು ಮಂದಿಗೆ ಪಾಸಿಟಿವ್ ಬರುತ್ತದೆ. 200 ಕಿಟ್‌ನ ಖರ್ಚು, ಆರು ಕುಟುಂಬಗಳ ಜೊತೆ ಜಗಳ. ಈಗ ಇನ್ನೊಂದು ಕಡೆ ನೋಡಿ: ಒಂದು ಲೈನಿನಲ್ಲಿ 20 ಮಂದಿಗೆ ಒಟ್ಟಿಗೆ ಜ್ವರ, ಕೆಮ್ಮು. ಅರ್ಧದಷ್ಟು ಜನಕ್ಕೆ ಕೋವಿಡ್ ಇದೆ ಎಂದರೆ ಕಿಟ್ ಎಂಟು ಮಂದಿಯನ್ನು ಹಿಡಿಯುತ್ತದೆ, ಇಬ್ಬರನ್ನು ಬಿಡುತ್ತದೆ, ಸುಳ್ಳು ಪಾಸಿಟಿವ್ ಒಂದೂ ಇಲ್ಲದಿರಬಹುದು. ಕಿಟ್ ಒಂದೇ, ಬಳಸಿದ ಜಾಗ ಬೇರೆ. ಲಕ್ಷಣ ಇದ್ದವರು, ಸೋಂಕು ಖಚಿತವಾದವರ ಜೊತೆ ಇದ್ದವರು, ಇವರಿಗೆ ಮಾತ್ರ ಎಂದು ಐಸಿಎಂಆರ್ ಹೇಳಿದ್ದು ಸುಮ್ಮನೆ ಅಲ್ಲ.

ಕೊಯ್ಲಿನ ಕಾಲಕ್ಕೆ ಅಸ್ಸಾಂ ಕಡೆಯಿಂದ ಬಂದು ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಕಡೆ ಹತ್ತು ಕಿಟ್ ಇಟ್ಟುಕೊಳ್ಳುವುದು ಬೆಳೆಗಾರರಿಗೆ ಲಾಭವೇ. ಪಾಸಿಟಿವ್ ಬಂದವರ ದಿನಗೂಲಿ ಕಡಿಯುವುದಿಲ್ಲ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಮೂಗು ಸೋರುವವನೂ ಸ್ವಾಬ್ ಗಾಳಿಯಲ್ಲೇ ತಿರುಗಿಸುತ್ತಾನೆ.

ಸರ್ಟಿಫಿಕೇಟಿಗೆ ಇದು ನಡೆಯುವುದಿಲ್ಲ. 2021ರಲ್ಲಿ ಮಾಕುಟ್ಟ, ಕುಟ್ಟ ಗೇಟಿನಲ್ಲಿ ಕೇರಳದಿಂದ ಬರುವವರಿಗೆ ಕೇಳಿದ್ದು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ. ಮನೆ ಕಾರ್ಡಿನ ಫೋಟೊಗೆ ಆ ಬೆಲೆ ಇಲ್ಲ.

ನೆಗೆಟಿವ್ ಆದರೆ ಏನು

ಕೋವಿಡ್ ಇಲ್ಲ ಎಂದರೆ ಏನೂ ಇಲ್ಲ ಎಂದಲ್ಲ. 2023ರ ಮಾರ್ಚ್‌ನಲ್ಲಿ ಪಕ್ಕದ ಹಾಸನದಲ್ಲಿ ಎಚ್3ಎನ್2 ಇನ್‌ಫ್ಲುಯೆಂಜಾದಿಂದ ಸಾವು ವರದಿಯಾಗಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ ಸಿಕ್ಕಿ ಸುದ್ದಿಯಾಯಿತು. ಈ ಕಾರ್ಡಿಗೆ ಇವೆರಡೂ ಕಾಣುವುದಿಲ್ಲ. ಫ್ಲೂ ಎ, ಫ್ಲೂ ಬಿ, ಕೋವಿಡ್ ಮೂರನ್ನೂ ಒಂದೇ ಕಾರ್ಡಿನಲ್ಲಿ ತೋರಿಸುವ ಕಿಟ್ ಸಿಕ್ಕರೆ, ಬೆಲೆ ಸ್ವಲ್ಪ ಹೆಚ್ಚಾದರೂ ಮಳೆಗಾಲಕ್ಕೆ ಅದೇ ವಾಸಿ. ಫ್ಲೂ ಔಷಧ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಪ್ರಯೋಜನ ಹೆಚ್ಚು, ಕೋವಿಡ್‌ಗೆ ವಯಸ್ಸಾದವರಿಗೆ ಕೊಡುವ ನಿರ್ಮಾಟ್ರೆಲ್ವಿರ್ ಐದು ದಿನದೊಳಗೆ. ಎರಡೂ ವೈದ್ಯರು ಬರೆದುಕೊಟ್ಟರೆ ಮಾತ್ರ. ನಿರ್ಮಾಟ್ರೆಲ್ವಿರ್ ಜೊತೆಗಿನ ರಿಟೊನಾವಿರ್ ಬಿಪಿ, ಹೃದಯದ ಹಲವು ಮಾತ್ರೆಗಳ ಜೊತೆ ಜಗಳ ತೆಗೆಯುತ್ತದೆ. ಜುಲೈ–ಆಗಸ್ಟ್‌ನ ಜ್ವರಕ್ಕೆ ಡೆಂಗಿ, ಇಲಿಜ್ವರದ ಸಾಧ್ಯತೆಯೂ ಇದೆ. ಕಕ್ಕಡ ತಿಂಗಳ ಮದ್ದುಸೊಪ್ಪಿನ ಪಾಯಸ ಉಂಡಿದ್ದರೂ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಪಾಸಿಟಿವ್ ಆದರೆ ಮತ್ತೊಂದು ಕಿಟ್ ಹಾಳು ಮಾಡಬೇಕಿಲ್ಲ. 2022ರ ಜನವರಿಯ ಕೇಂದ್ರ ಮಾರ್ಗಸೂಚಿಯಂತೆ ಕನಿಷ್ಠ ಏಳು ದಿನ ಬೇರೆ ಕೋಣೆ, ಕೊನೆಯ ಮೂರು ದಿನ ಸತತವಾಗಿ ಜ್ವರ ಇರಬಾರದು. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಮಾತು ಮುಗಿಸಲಾಗದಷ್ಟು ಏದುಸಿರು ಬಂದರೆ, ವಯಸ್ಸಾದವರು ಗೊಂದಲದಲ್ಲಿ ಮಾತಾಡತೊಡಗಿದರೆ ಕಿಟ್ ಏನೇ ಹೇಳಲಿ, ಹತ್ತಿರದ ಆಸ್ಪತ್ರೆಗೆ. ಚಳಿಯಲ್ಲಿ ತಣ್ಣಗಾದ ಬೆರಳಿಗೆ ಆಕ್ಸಿಮೀಟರ್ ಕಡಿಮೆ ತೋರಿಸುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಬೆರಳಿಗೆ ಮೆಹಂದಿ, ಬಣ್ಣ ಇದ್ದರೆ ಬೇರೆ ಬೆರಳು ನೋಡಿ.

ಅಂಕ ಕೊಡುವುದಾದರೆ: ಹೊಸ ತಳಿಗಳ ಮುಂದೆ ನಿಂತದ್ದಕ್ಕೆ ಐದಕ್ಕೆ ನಾಲ್ಕು. ಮೊದಲ ದಿನದ ನೆಗೆಟಿವ್‌ಗೆ ಒಂದೂವರೆ. ನಮ್ಮ ತೇವ, ಚಳಿ ತಡೆದುಕೊಳ್ಳುವುದಕ್ಕೆ ಎರಡೂವರೆ, ಅದೂ ಪೌಚ್ ಕೊನೆಗೆ ಒಡೆದರೆ. ಬೆಲೆಗೆ ಮೂರು, ಎರಡು ಕಿಟ್ ಸೇರಿಸಿಯೇ ಲೆಕ್ಕ ಹಾಕಬೇಕಾದ್ದರಿಂದ. ಕೊಳ್ಳುವಾಗ ಅವಧಿ ಮುಗಿಯುವ ತಾರೀಕು ಕನಿಷ್ಠ ಆರು ತಿಂಗಳು ಮುಂದಿರಲಿ. ಪೌಚಿನ ಮೇಲೂ ಟ್ಯೂಬಿನ ಮೇಲೂ ತಾರೀಕು ನೋಡಿ, ಕೆಲವೊಮ್ಮೆ ಬೇರೆಬೇರೆ ಇರುತ್ತದೆ, ಯಾವುದು ಮೊದಲೋ ಅದೇ ಲೆಕ್ಕ. ಹೊರದೇಶದಿಂದ ಬಂದ ನೆಂಟರು ತಂದ ಕಿಟ್‌ಗೆ ಅವಧಿ ವಿಸ್ತರಿಸಿದೆ ಎಂಬ ಮಾತು ಆಯಾ ದೇಶದ ನಿರ್ದಿಷ್ಟ ಬ್ಯಾಚ್‌ಗಳಿಗೆ ಮಾತ್ರ.

ಬಳಸಿದ ಸ್ವಾಬ್, ಟ್ಯೂಬ್, ಕಾರ್ಡ್ ಎಲ್ಲ ಕಿಟ್ ಜೊತೆ ಬಂದ ಕಸದ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ. ಬಫರ್‌ನಲ್ಲಿ ಸೋಡಿಯಂ ಅಜೈಡ್‌ನಂಥ ರಾಸಾಯನಿಕ ಇರುವುದುಂಟು, ಪುಟ್ಟ ಟ್ಯೂಬನ್ನು ಕಣ್ಣಿನ ಔಷಧ ಎಂದುಕೊಂಡು ಮಕ್ಕಳು, ಮುದುಕರು ಹನಿ ಬಿಟ್ಟುಕೊಳ್ಳದಂತೆ ನೋಡಿ. ಬಿದ್ದರೆ ಧಾರಾಳ ನೀರಲ್ಲಿ ತೊಳೆದು ವೈದ್ಯರ ಬಳಿ ಹೋಗಿ. ಕಸದ ಗಾಡಿ ಬರದ ತೋಟಗಳಲ್ಲಿ ಬಚ್ಚಲ ಒಲೆಗೆ ಹಾಕಿ ಸುಡುವುದು ಅಭ್ಯಾಸ, ಪ್ಲಾಸ್ಟಿಕ್ ಹೊಗೆ ಕೆಮ್ಮುವವರ ಎದೆಗೇ ಹೋಗುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಸ್ಪತ್ರೆ ಕಸದ ಹಳದಿ ಡಬ್ಬಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ವಾರಕ್ಕೊಮ್ಮೆ ಒಟ್ಟಿಗೆ ಕೊಟ್ಟು ಕಳಿಸಿದರೆ ಸಾಕು.